ನಲ್ಲಿಯ ಮೇಲಿನ ಬಿಳಿ ಕಲೆ
ಮನೆ ಖಾಲಿ ಮಾಡುವ ದಿನ ಹತ್ತಿರ ಬಂತು, ಬಚ್ಚಲು ಉಜ್ಜುತ್ತಾ ಕೂತಿದ್ದೇನೆ. ನಲ್ಲಿಯ ಬಿಳಿ ಕಲೆ ಎಷ್ಟು ತಿಕ್ಕಿದರೂ ಜಗ್ಗಲಿಲ್ಲ. ಅದು ಗಡಸು ನೀರಿನ ಸುಣ್ಣ, ಹುಳಿಗೆ ಮಾತ್ರ ಕರಗುತ್ತದೆ. ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಟ್ಟೆ. ಒರೆಸಿದರೆ ಸಲೀಸಾಗಿ ಬಂತು! ಮಾರ್ಬಲ್ ಮೇಲೆ ಮಾತ್ರ ಹಾಕಬೇಡಿ, ಹೊಳಪು ಹೋಗುತ್ತದೆ. ಬ್ಲೀಚ್ ಜೊತೆ ಬೆರೆಸುವುದಂತೂ ಬೇಡವೇ ಬೇಡ, ವಿಷದ ಕ್ಲೋರಿನ್ ಅನಿಲ ಬರುತ್ತದೆ.

ಸ್ನಾನ ಆದ ಮೇಲೆ ಒಣಬಟ್ಟೆಯಲ್ಲಿ ಒಂದು ಸಲ ಒರೆಸಿದ್ದರೆ ಈ ಪಾಡು ಇರಲಿಲ್ಲ. ಪುರುಸೊತ್ತಿಲ್ಲ ಅಂತ ಸುಮ್ನೆ ಬಿಟ್ಟಿದ್ದೆ. ನಾನು ಇದ್ದಷ್ಟು ದಿನ ಮಂಕಾಗಿದ್ದ ನಲ್ಲಿ, ಹೊರಡುವಾಗ ಫಳಫಳ ಹೊಳೆಯುತ್ತಿದೆ. ವಿಚಿತ್ರ ಅಲ್ವಾ? ಇರಲಿ, ಈಗ ಫೋಟೋ ತೆಗೆದಿಡಬೇಕು. ಅಡ್ವಾನ್ಸ್ ವಾಪಸ್ ಕೇಳುವಾಗ ಬೇಕಾಗುತ್ತದೆ.