ಜಾತ್ರೆ ಡ್ಯೂಟಿ ಮಾಡುವವರಿಗೆ ಹರ್ಡೀಕರ ಡಾಕ್ಟರು

ಬೆಳಗಾವಿ ಜಿಲ್ಲೆಯ ಆರೋಗ್ಯ ಇಲಾಖೆಯಲ್ಲಿ ನನ್ನ ನೌಕರಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಸವದತ್ತಿ ಯಲ್ಲಮ್ಮನ ಗುಡ್ಡದ ಡ್ಯೂಟಿ. ಚಕ್ಕಡಿ, ಟ್ರ್ಯಾಕ್ಟರ್ ಹೂಡಿಕೊಂಡು ಬಂದ ಜನ ಗುಡ್ಡದ ಮೇಲೇ ಒಲೆ ಹಚ್ಚಿ ಪಡ್ಡಲಗಿ (ದೇವಿಯ ನೈವೇದ್ಯದ ಬುಟ್ಟಿ) ತುಂಬಿಸುತ್ತಾರೆ. ಅಷ್ಟು ಜನಕ್ಕೆ ಔಷಧದ ಟೆಂಟಿಗಿಂತ ಮೊದಲು ಬೇಕಾಗುವುದು ನೀರು ಮತ್ತು ಪಾಯಖಾನೆ.

ಈ ಕೆಲಸಕ್ಕೆ ನಾನು ಗುರು ಅಂತ ತಿಳಿದದ್ದು ಡಾ. ನಾ. ಸು. ಹರ್ಡೀಕರರನ್ನು. ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಕಲಿತು, 1921ರಲ್ಲಿ ಮರಳಿ ಬಂದವರು. ದವಾಖಾನೆ ತೆರೆದು ಆರಾಮಾಗಿ ಇರಬಹುದಿತ್ತು. ಅವರು ಹುಬ್ಬಳ್ಳಿಯಲ್ಲಿ ಹುಡುಗರನ್ನು ಕೂಡಿಸಿ ಕವಾಯತು ಕಲಿಸಿದರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಆ ಹುಡುಗರು ಕ್ಷಮಾಪಣೆ ಬರೆದುಕೊಡದೆ ಜೈಲಿನಲ್ಲೇ ಉಳಿದರು. ಅದೇ ವರ್ಷದ ಕೊನೆಗೆ ಕಾಕಿನಾಡದಲ್ಲಿ ಕಾಂಗ್ರೆಸ್ಸಿನ ಸ್ವಯಂಸೇವಕ ಪಡೆಯಾದ ಹಿಂದುಸ್ತಾನಿ ಸೇವಾ ದಳಕ್ಕೆ ಬುನಾದಿ ಬಿತ್ತು.

ಮರುವರ್ಷ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಟಿಳಕವಾಡಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ. ಇಲ್ಲಿಯ ಕಾಂಗ್ರೆಸ್ ಮುಖಂಡ ಗಂಗಾಧರರಾವ್ ದೇಶಪಾಂಡೆಯವರು ನೀರಿಗೆ ಬಾವಿ ತೋಡಿಸಿದರು. ಕಾಂಗ್ರೆಸ್ ಬಾವಿ ಇವತ್ತಿಗೂ ಇದೆ. ಸ್ವಯಂಸೇವಕರ ಶಿಸ್ತು ಹರ್ಡೀಕರರದು, ನೈರ್ಮಲ್ಯದ ಉಸ್ತುವಾರಿ ಗಾಂಧೀಜಿಯ ಒಡನಾಡಿ ಕಾಕಾ ಕಾಲೇಲ್ಕರರದು. ಮೇಲ್ಜಾತಿಯ ಓದಿದ ಹುಡುಗರೂ ಪಾಯಖಾನೆ ಸ್ವಚ್ಛ ಮಾಡಿದರು. ಆ ಕಾಲದಲ್ಲಿ ಅದು ಎಷ್ಟು ದೊಡ್ಡ ಮಾತು ಅನ್ನುವುದು ಹಳ್ಳಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ.

ಜಾತ್ರೆಗೆ ಬರುವ ಕಾಲೇಜು ಹುಡುಗರು ಪೊರಕೆ, ಫಿನೈಲ್ ನೋಡಿ, "ಸರ್, ಇದನ್ನೂ ನಾವs ಮಾಡಬೇಕೇನ್ರಿ?" ಅಂತ ಕೇಳುತ್ತಾರೆ. ಹೌದ್ರಪಾ, ಪಾಳಿ ಪ್ರಕಾರ ಎಲ್ಲರೂ, ನಾನೂ ಅನ್ನುತ್ತೇನೆ. ಪೌರಕಾರ್ಮಿಕರ ಮೇಲಷ್ಟೇ ಹೊರಿಸಿದರೆ ಎರಡನೇ ದಿನಕ್ಕೇ ವ್ಯವಸ್ಥೆ ಕುಸಿಯುತ್ತದೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ ಅರ್ಧ ತಾಸು ಬಿಟ್ಟು, ಕೊನೆಯ ನಳದ ನೀರಿನಲ್ಲಿ ಕ್ಲೋರಿನ್ 0.5 ಪಿಪಿಎಂ (ಲೀಟರಿಗೆ ಅರ್ಧ ಮಿಲಿಗ್ರಾಂ) ಉಳಿದಿದೆಯೋ ಅಂತ ಅವರ ಕೈಯಿಂದಲೇ ನೋಡಿಸುತ್ತೇನೆ. ಟ್ಯಾಂಕಿನ ಹತ್ತಿರದ ನಳ ನೋಡಿ ಬರುವುದು ಪರೀಕ್ಷೆಯೇ ಅಲ್ಲ.

ಹರ್ಡೀಕರರು 1952ರಿಂದ 1962ರವರೆಗೆ ರಾಜ್ಯಸಭೆಯಲ್ಲಿದ್ದರು, 1958ರಲ್ಲಿ ಪದ್ಮಭೂಷಣ ಬಂತು. ನನಗೆ ಅದಕ್ಕಿಂತ ದೊಡ್ಡದು ಅವರು ಹುಡುಗರನ್ನು ಮೊದಲೇ ತಯಾರು ಮಾಡಿದ ರೀತಿ. ನಮ್ಮಲ್ಲಿ ಸ್ವಯಂಸೇವಕರು ಜಾತ್ರೆಯ ಬೆಳಿಗ್ಗೆ ಬಂದು ಟೋಪಿ ಹಾಕಿಕೊಳ್ಳುತ್ತಾರೆ. ಒಂದು ವಾರ ಮೊದಲೇ ಅವರನ್ನು ಗುಡ್ಡಕ್ಕೆ ಕಳಿಸಿಕೊಡಿ ಅಂತ ಕಾಲೇಜಿನವರನ್ನು ಕೇಳುತ್ತಲೇ ಇದ್ದೇನೆ.