ಮೀಟರಿಗಿಂತ ಮೊದಲು ಅಲೆ

ಮೊದಲ ವರ್ಷದ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ನಮ್ಮ ಮೇಡಂ ಅವರದು ಒಂದೇ ಹಟ. ಸಿಆರ್‌ಓ (ವೋಲ್ಟೇಜಿನ ಏರಿಳಿತವನ್ನು ಅಲೆಯಾಗಿ ತೋರಿಸುವ ಆಸಿಲೊಸ್ಕೋಪ್) ಪರದೆಯಲ್ಲಿ ಅಲೆಯನ್ನು ಕಣ್ಣಾರೆ ನೋಡಿ, ಚೌಕ ಎಣಿಸಿ, ಲೆಕ್ಕ ಬರೆದು ತೋರಿಸುವವರೆಗೆ ಮಲ್ಟಿಮೀಟರ್ ಮುಟ್ಟುವಂತಿಲ್ಲ.

ಟೈಮ್ ಬೇಸ್ ಚೌಕಕ್ಕೆ 5 ಮಿಲಿಸೆಕೆಂಡ್ ಇದ್ದಾಗ ಒಂದು ಸೈಕಲ್ ನಾಲ್ಕು ಚೌಕ ಹಿಡಿದರೆ ಅವಧಿ 20 ಮಿಲಿಸೆಕೆಂಡ್, ಫ್ರೀಕ್ವೆನ್ಸಿ 50 ಹರ್ಟ್ಸ್. ಇದು ಎಲ್ಲರಿಗೂ ಬೇಗ ಬಂತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಪ್ರಯೋಗ.

ಫಂಕ್ಷನ್ ಜನರೇಟರಿನಿಂದ ಸೈನ್, ಸ್ಕ್ವೇರ್, ಟ್ರಯಾಂಗಲ್ ಎಂಬ ಮೂರು ಆಕಾರದ ಅಲೆಗಳನ್ನೂ ಒಂದೊಂದಾಗಿ ಕೊಟ್ಟೆವು. ಮೂರರ ಪೀಕ್ ಕೂಡ 5 ವೋಲ್ಟ್. ಪರದೆಯಲ್ಲಿ ಮೂರೂ ಒಂದೇ ಎತ್ತರ. ಆಮೇಲೆ ಮೀಟರ್ ಹಚ್ಚಿದರೆ ಸೈನ್‌ಗೆ ಸುಮಾರು 3.54, ಸ್ಕ್ವೇರ್‌ಗೆ 5.55, ಟ್ರಯಾಂಗಲ್‌ಗೆ 2.78! ಐದಕ್ಕಿಂತ ಮೇಲೇರದ ಅಲೆಯ ಆರ್‌ಎಂಎಸ್, ಅಂದರೆ ಅಷ್ಟೇ ಬಿಸಿ ಕೊಡುವ ಡಿಸಿ ವೋಲ್ಟೇಜ್, ಐದೂವರೆ ಆಗುವುದು ಹೇಗೆ?

ಮೇಡಂ ಉತ್ತರ ಹೇಳಲಿಲ್ಲ, ಗ್ರಾಫ್ ಹಾಳೆ ಕೊಟ್ಟರು. ಅರ್ಧ ಸೈಕಲ್ಲಿನ ಸರಾಸರಿ ತೆಗೆಯುತ್ತ ಹೋದಂತೆ ಗುಟ್ಟು ಬಿಚ್ಚಿಕೊಂಡಿತು. ಆ ಸಾಧಾರಣ ಮೀಟರ್ ಆರ್‌ಎಂಎಸ್ ಅಳೆಯುವುದೇ ಇಲ್ಲ. ರೆಕ್ಟಿಫೈ ಮಾಡಿ (ಕೆಳಗಿನ ಅರ್ಧವನ್ನೂ ಮೇಲಕ್ಕೆ ತಿರುಗಿಸಿ) ಸರಾಸರಿ ಹಿಡಿದು, ಅದನ್ನು 1.11ರಿಂದ ಗುಣಿಸಿ ತೋರಿಸುತ್ತದೆ. 1.11 ಸೈನ್ ಅಲೆಯ ಫಾರ್ಮ್ ಫ್ಯಾಕ್ಟರ್, ಅಂದರೆ ಆರ್‌ಎಂಎಸ್ ಸರಾಸರಿಯ ಎಷ್ಟು ಪಟ್ಟು ಎಂಬುದು. ಸ್ಕ್ವೇರ್‌ಗೆ ಅದು ಬರೀ 1, ಆರ್‌ಎಂಎಸ್ ನೇರವಾಗಿ 5 ವೋಲ್ಟ್. ಟ್ರಯಾಂಗಲ್‌ಗೆ 1.155, ಪೀಕನ್ನು ಮೂರರ ವರ್ಗಮೂಲದಿಂದ ಭಾಗಿಸಿದರೆ ನಿಜವಾದ ಉತ್ತರ 2.89. ಸೈನ್ ಒಂದಕ್ಕೆ ಮಾತ್ರ ಮೀಟರಿನ ಮಾತು ನಿಜ.

ಪೀಕ್, ಸರಾಸರಿ, ಆರ್‌ಎಂಎಸ್ ಎಂಬ ಮೂರು ಸೂತ್ರಗಳನ್ನು ಪರೀಕ್ಷೆಗೆಂದು ಉರುಹೊಡೆಯುವುದು ಸುಲಭ. ಅವು ಒಂದೇ ಅಲೆಗೆ ಕೇಳುವ ಮೂರು ಬೇರೆ ಪ್ರಶ್ನೆಗಳು ಎಂದು ನನಗೆ ಮನದಟ್ಟಾದದ್ದು ಆ ಗ್ರಾಫ್ ಹಾಳೆಯ ಮೇಲೆ. ಇನ್ಸುಲೇಷನ್ ತಡೆಯಬೇಕಾದದ್ದು ಪೀಕನ್ನು, ಹೀಟರ್ ಬಿಸಿಯಾಗುವುದು ಆರ್‌ಎಂಎಸ್‌ನಿಂದ. 230 ವೋಲ್ಟಿನ ಲೈನಿನಲ್ಲಿ ಪೀಕ್ ಸುಮಾರು 325 ಇರುತ್ತದೆಂಬುದನ್ನು ಕೆಪಾಸಿಟರ್ ಆರಿಸುವವರು ಮರೆಯುವಂತಿಲ್ಲ.

ಈಗ ನನ್ನ ಕೆಲಸ ಇನ್ವರ್ಟರುಗಳ ಜೊತೆ. ಮೆಟ್ಟಿಲು ಮೆಟ್ಟಿಲಾಗಿ ಅಲೆ ಕೊಡುವ ಅಗ್ಗದ ಇನ್ವರ್ಟರಿಗೆ ಸಾಧಾರಣ ಮೀಟರ್ ಹಿಡಿದು, 180 ವೋಲ್ಟ್ ಮಾತ್ರ ಬರುತ್ತಿದೆ, ಕೆಟ್ಟಿದೆ ಎನ್ನುವವರು ಆಗಾಗ ಸಿಗುತ್ತಾರೆ. 325ರ ಪೀಕ್ ಅರ್ಧ ಸಮಯವಷ್ಟೇ ನಿಂತರೆ ಸರಾಸರಿ 162.5, ಅದರ 1.11 ಪಟ್ಟು 180. ನಿಜವಾದ ಆರ್‌ಎಂಎಸ್ ಮಾತ್ರ 230ರಲ್ಲೇ ಇರುತ್ತದೆ. ಹೊಸದಾಗಿ ಸೇರಿದ ಹುಡುಗರಿಗೆ ಇದನ್ನು ಬಾಯಲ್ಲಿ ಹೇಳುವುದಿಲ್ಲ, ಮೊದಲು ಸ್ಕೋಪ್ ಹಚ್ಚಿಸುತ್ತೇನೆ.