ನಿಮ್ಮ ರಿಸರ್ಚಿಗೂ ಶಿಕ್ಷಣ ನೀತಿಗೂ ಏನು ಸಂಬಂಧ ಸರ್?

ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡುತ್ತೇನೆ. ಹುಡುಗರು ಹೇಗೆ ಕಲಿಯುತ್ತಾರೆ ಅನ್ನೋದರ ಮೇಲೆ ಒಂದಿಷ್ಟು ಸಂಶೋಧನೆಯನ್ನೂ ಮಾಡುತ್ತೇನೆ. ಸ್ಟಾಫ್ ರೂಮಿನಿಂದ ಮದುವೆ ಮನೆಯ ಊಟದ ಸಾಲಿನವರೆಗೆ ಎಲ್ಲರೂ ಕೇಳುವುದು ಒಂದೇ: "2020ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂತಲ್ಲ, ನೀವು ಮಾಡೋದಕ್ಕೂ ಅದಕ್ಕೂ ಏನಾದ್ರೂ ಸಂಬಂಧ ಇದೆಯಾ?"

ಇರಬೇಕಿತ್ತು. ನಾನು ಓದುವ ಎಷ್ಟೋ ಪೇಪರುಗಳಲ್ಲಿ ಆ ಸಂಬಂಧ ಮೊದಲ ಪ್ಯಾರಾಕ್ಕೇ ಮುಗಿದುಹೋಗುತ್ತದೆ. ಒಂದು ಕ್ಲಾಸಿನಲ್ಲಿ ಹೊಸ ಥರ ಪಾಠ ಮಾಡುವುದು, ಗೂಗಲ್ ಫಾರ್ಮ್ ಕಳಿಸಿ "ಇಷ್ಟ ಆಯ್ತಾ?" ಅಂತ ಕೇಳುವುದು, ಮೇಲೆ ಎನ್‌ಇಪಿ ಅಂತ ಬರೆಯುವುದು. ನಾನೂ ಅಂಥದ್ದೊಂದು ಬರೆದಿದ್ದೇನೆ, ಮುಚ್ಚಿಡೋದೇನು.

ಮಾತೃಭಾಷೆಯ ವಿಷಯವನ್ನೇ ತೆಗೆದುಕೊಳ್ಳಿ. ಉನ್ನತ ಶಿಕ್ಷಣವೂ ಸ್ಥಳೀಯ ಭಾಷೆಯಲ್ಲಿ, ಇಲ್ಲವೇ ಎರಡು ಭಾಷೆಗಳಲ್ಲಿ ಹೆಚ್ಚೆಚ್ಚು ಸಿಗಲಿ ಅಂತ ನೀತಿ ಹೇಳುತ್ತದೆ. 2021ರಲ್ಲಿ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಐಸಿಟಿಇ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಒಪ್ಪಿತು. ಸರಿ, ಕ್ಲಾಸಿನಲ್ಲಿ ಏನಾಗುತ್ತದೆ?

ಒಮ್ಮೆ ಬೋರ್ಡಿನ ಮೇಲೆ ಒಂದೇ ಥರದ ಎರಡು ಬಲ್ಬುಗಳನ್ನು ಸೀರೀಸಿನಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೊಂದಾಗಿ, ಬರೆದು, ಯಾವುದು ಜಾಸ್ತಿ ಬೆಳಗುತ್ತದೆ ಅಂತ ಕೇಳಿದೆ. ಸರ್ಕ್ಯೂಟಿನ ಲೆಕ್ಕಕ್ಕೆ ಬಳಸುವ ಕಿರ್ಚಾಫ್ ನಿಯಮವನ್ನು ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪದೆ ಬರೆದಿದ್ದ ಹುಡುಗ ಎದ್ದು ನಿಂತು, "ಎರಡನೇದು ಮಂಕಾಗಿರುತ್ತೆ ಸರ್, ಕರೆಂಟ್ ಮೊದಲನೇದರಲ್ಲೇ ಖರ್ಚಾಗಿರುತ್ತಲ್ಲ" ಅಂದ.

ಎರಡೂ ಒಂದೇ ಸಮ ಬೆಳಗುತ್ತವೆ. ಈ ತಪ್ಪು ಹೊಸದಲ್ಲ, ಬೇರೆ ದೇಶಗಳ ಮಕ್ಕಳೂ ಮಾಡುತ್ತಾರೆ. ಆದರೆ ನಮ್ಮಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ "ಕರೆಂಟ್ ಹೋಯ್ತು", "ಕರೆಂಟ್ ಬಿಲ್ ಜಾಸ್ತಿ ಬಂತು", "ಗೀಸರ್ ಕರೆಂಟ್ ತಿನ್ನುತ್ತೆ" ಅಂತೀವಿ ಅಲ್ವಾ? ಬಿಲ್ಲಿನ ಕರೆಂಟ್ ಅಂದರೆ ಯೂನಿಟ್ ಲೆಕ್ಕದ ವಿದ್ಯುತ್ ಶಕ್ತಿ, ಅದು ಖರ್ಚಾಗುತ್ತದೆ. ಲ್ಯಾಬಿನಲ್ಲಿ ಅದೇ ಪದಕ್ಕೆ ಆಂಪಿಯರ್‌ಗಳಲ್ಲಿ ಅಳೆಯುವ ಹರಿವು ಅನ್ನೋ ಅರ್ಥ. ಬಲ್ಬಿನೊಳಕ್ಕೆ ಎಷ್ಟು ಹೋಗುತ್ತದೋ ಅಷ್ಟೇ ಹೊರಗೂ ಬರುತ್ತದೆ. ಹುಡುಗ ಮನೆಯ ಕನ್ನಡದಲ್ಲಿ ಸರಿಯಾಗೇ ಯೋಚಿಸಿದ್ದ.

ಪುಸ್ತಕದಲ್ಲಿ "ವಿದ್ಯುತ್ ಪ್ರವಾಹ" ಅಂತ ಅಚ್ಚು ಹಾಕಿದರೆ ಈ ಗೊಂದಲ ಹೋಗುತ್ತದೆಯೋ, ಅಥವಾ ಬಾಯಿಪಾಠಕ್ಕೆ ಇನ್ನೊಂದು ಪದ ಸೇರುತ್ತದೆಯೋ? ನೀತಿಗೆ ಬೇಕಾದ ಸಂಶೋಧನೆ ಇಂಥದ್ದು ಅಂತ ನನ್ನ ಅನಿಸಿಕೆ. ದೊಡ್ಡ ಸರ್ವೆ ಬೇಡ, ಎರಡು ಬಲ್ಬು, ಒಂದು ಬ್ಯಾಟರಿ ಸಾಕು.

ನೀತಿಯಲ್ಲಿರುವ ಕ್ರೆಡಿಟ್ ಬ್ಯಾಂಕಿನದೂ, ಅಂದರೆ ಪಾಸಾದ ವಿಷಯಗಳ ಕ್ರೆಡಿಟ್ಟನ್ನು ಕೂಡಿಡುವ ಖಾತೆಯದೂ, ಹೀಗೇ. ನಡುವೆ ಓದು ಬಿಟ್ಟು ಎರಡು ವರ್ಷದ ಮೇಲೆ ವಾಪಸ್ ಬಂದವನ ಕ್ರೆಡಿಟ್ ಭದ್ರವಾಗಿರುತ್ತದೆ. ಅವನ ಗಣಿತ?

"ನಮ್ಮ ರಾಜ್ಯ ಆ ನೀತಿಯನ್ನೇ ಕೈಬಿಟ್ಟಿತಲ್ಲ?" ಅಂತಲೂ ಕೇಳುತ್ತಾರೆ. 2021ರಲ್ಲಿ ಮೊದಲು ಜಾರಿ ಮಾಡಿದ್ದು ಕರ್ನಾಟಕವೇ, 2024ರಲ್ಲಿ ಅದರ ನಾಲ್ಕು ವರ್ಷದ ಡಿಗ್ರಿ ಬಿಟ್ಟು ಮೂರು ವರ್ಷದ ಡಿಗ್ರಿಗೆ ಮರಳಿದ್ದೂ ನಾವೇ. ಆದರೆ ಅದು ಬಿಎ, ಬಿಎಸ್ಸಿ, ಬಿಕಾಂನಂಥ ಡಿಗ್ರಿಗಳ ಕಥೆ, ಇಂಜಿನಿಯರಿಂಗಿನದಲ್ಲ.

ಈ ಸೆಮಿಸ್ಟರಿನಲ್ಲಿ ಅದೇ ಬಲ್ಬಿನ ಪ್ರಶ್ನೆಯನ್ನು ಮೂರು ಥರ ಬರೆದು ಕೊಡುತ್ತಿದ್ದೇನೆ: ಇಂಗ್ಲಿಷಿನಲ್ಲಿ, ಪುಸ್ತಕದ ಕನ್ನಡದಲ್ಲಿ, ಮನೆಯ ಕನ್ನಡದಲ್ಲಿ. ಮೂರನೆಯದರಲ್ಲಿ "ಕರೆಂಟ್" ಅನ್ನೋ ಪದವನ್ನು ಇಡೋದೋ ಬಿಡೋದೋ ಅಂತ ಇನ್ನೂ ತೀರ್ಮಾನ ಆಗಿಲ್ಲ.